ಅಪ್ಪಯ್ಯನ ಕೆಮ್ಮು, ಪಿಂಕ್ ಫ್ಲಾಯ್ಡ್‌ನ ಕೊನೆಯ ಆಲ್ಬಮ್

ಲಂಡನ್, ನವೆಂಬರ್ 2014

ಅಮ್ಮನಿಗೆ ನಮಸ್ಕಾರಗಳು.

ನಾನು ಆರಾಮ. ನಿನ್ನ ಪತ್ರ ಸಿಕ್ಕಿತು. ಅಪ್ಪಯ್ಯ ರಾತ್ರಿಯೆಲ್ಲ ಕೆಮ್ಮುತ್ತ ಎದ್ದು ಕೂರುತ್ತಾರೆ ಅಂತ ಓದಿ ಸಂಕಟವಾಯಿತು. ಅಡಿಕೆ ಕೊಯ್ಲು ಮುಗಿಯಲಿ, ಆಮೇಲೆ ಡಾಕ್ಟರ ಹತ್ತಿರ ಹೋದರಾಯಿತು ಅಂತಾರಂತೆ. ಅಡಿಕೆ ಪ್ರತಿ ವರ್ಷ ಇದ್ದದ್ದೇ ಅಲ್ವಾ?

ರಘುಗೆ ಹೇಳು, ಪಿಂಕ್ ಫ್ಲಾಯ್ಡ್‌ನ ಹೊಸ ಸಿ.ಡಿ. ಕೊಂಡಿದ್ದೇನೆ. ಹೆಸರು ‘ದಿ ಎಂಡ್‌ಲೆಸ್ ರಿವರ್’. ಇದೇ ಕೊನೆಯದು ಅಂತ ಗಿಟಾರ್ ನುಡಿಸುವ ಡೇವಿಡ್ ಗಿಲ್ಮೋರ್ ಹೇಳಿಬಿಟ್ಟಿದ್ದಾರೆ. 1965ರಲ್ಲಿ ಇದೇ ಊರಲ್ಲಿ ಹುಟ್ಟಿದ ರಾಕ್ ಸಂಗೀತದ ತಂಡ ಅದು. ಹಾಡು ಅಂತ ಇರುವುದು ಒಂದೇ, ಅದೂ ಕಟ್ಟಕಡೆಗೆ. ಉಳಿದದ್ದು ಹೆಚ್ಚೂಕಡಿಮೆ ಬರೀ ವಾದ್ಯ. ಬೇಜಾರು ಬರಿಸುತ್ತದೆ ಅಂತ ಇಲ್ಲಿ ಕೆಲವರು ಬರೆದರು. ನಾನು ಒಪ್ಪುವುದಿಲ್ಲ. ಆಲಾಪನೆಯ ಹಾಗೆ ಸಾವಕಾಶವಾಗಿ ಕೂತು ಕೇಳಬೇಕು.

ಇದರಲ್ಲಿ ಕೀಬೋರ್ಡ್ ನುಡಿಸಿದ ರಿಕ್ ರೈಟ್ ಈಗಿಲ್ಲ. 1993ರಲ್ಲಿ ಬೇರೊಂದು ಆಲ್ಬಮ್‌ಗೆ ಅಂತ ಎಲ್ಲರೂ ಕೂತು ಗಂಟೆಗಟ್ಟಲೆ ನುಡಿಸಿದ್ದು ಟೇಪಿನಲ್ಲಿ ಉಳಿದಿತ್ತು. ಗಿಲ್ಮೋರ್ ಮತ್ತು ಡ್ರಮ್ಸ್‌ನ ನಿಕ್ ಮೇಸನ್ ಅದನ್ನು ಹೊರತೆಗೆದು, ಹೊಸದಾಗಿ ಒಂದಷ್ಟು ಸೇರಿಸಿ, ಗೆಳೆಯನ ನೆನಪಿಗೆ ಇದನ್ನು ಮಾಡಿದ್ದಾರೆ. ರೈಟ್ 1969ರಲ್ಲಿ ರಾಯಲ್ ಆಲ್ಬರ್ಟ್ ಹಾಲ್‌ನ ದೊಡ್ಡ ಪೈಪ್ ಆರ್ಗನ್ ನುಡಿಸಿದ್ದೂ ಒಂದು ಕಡೆ ಬರುತ್ತದೆ. ಎರಡು ನಿಮಿಷವೂ ಇಲ್ಲ, ಆದರೆ ಅಷ್ಟು ಗಂಭೀರವಾದ ನಾದ! ನಾನು ಅದನ್ನೇ ಮತ್ತೆ ಮತ್ತೆ ಹಾಕಿಕೊಂಡು ಕೇಳುತ್ತೇನೆ.

ಗಿಲ್ಮೋರ್ ಅವರ ಸ್ಟುಡಿಯೋ ಇರುವುದು ಥೇಮ್ಸ್ ನದಿಯ ಮೇಲೆ, ದೋಣಿಯೊಳಗೆ! ಇಲ್ಲಿ ದೋಣಿಯಲ್ಲೇ ಸಂಸಾರ ಮಾಡುವವರೂ ಇದ್ದಾರಮ್ಮ. ಸಿ.ಡಿ. ಮೇಲಿನ ಚಿತ್ರ ಮಾಡಿದ್ದು ಈಜಿಪ್ಟಿನ ಹದಿನೆಂಟರ ಹುಡುಗ. ಮೋಡದ ಮೇಲೆ ಒಬ್ಬ ದೋಣಿ ನಡೆಸುತ್ತಿದ್ದಾನೆ. ರಘು ಅದನ್ನು ಗೋಡೆಗೆ ಅಂಟಿಸುವುದು ಗ್ಯಾರಂಟಿ.

ರೈಟ್ ತೀರಿಕೊಂಡದ್ದು 2008ರಲ್ಲಿ, ಕ್ಯಾನ್ಸರ್‌ನಿಂದ. 65 ವರ್ಷ. ಅಪ್ಪಯ್ಯನಿಗೂ ಈಗ ಅಷ್ಟೇ ಅಲ್ವಾ? ಅದು ತಲೆಗೆ ಹೊಕ್ಕಾಗಿನಿಂದ ನಿದ್ದೆ ಸರಿಯಾಗಿ ಬರುತ್ತಿಲ್ಲ. ನೀನು ಹೆದರಬೇಡ. ಏನೂ ಇರುವುದಿಲ್ಲ, ಬರೀ ಕಫ ಇರುತ್ತದೆ. ಅಡಿಕೆ ಬೇಯಿಸುವ ಒಲೆಯ ಹೊಗೆಗೂ ಹಾಗಾಗಬಹುದು. ಖಂಡಿತ ಏನೂ ಇರುವುದಿಲ್ಲ. ಆದರೂ ಈ ವಾರವೇ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಎದೆಯ ಎಕ್ಸ್‌ರೇ, ಕಫದ ಪರೀಕ್ಷೆ ಮಾಡಿಸಿ. ಬಸ್ಸು ಬೇಡ, ಕಾರು ಮಾಡಿಕೊಳ್ಳಿ. ದುಡ್ಡು ರಘು ಖಾತೆಗೆ ಹಾಕುತ್ತಿದ್ದೇನೆ, ನನಗೇನೂ ತೊಂದರೆಯಿಲ್ಲ. ಕೊಯ್ಲಿಗೆ ಮಾವನನ್ನು ಕರೆಸಿಕೊಳ್ಳಿ, ನಾನೇ ಫೋನ್ ಮಾಡಿ ಹೇಳುತ್ತೇನೆ.

ಇಲ್ಲಿ ಈಗ ನಾಲ್ಕೂವರೆಗೆಲ್ಲ ಕತ್ತಲು. ಸ್ವೆಟರ್ ಹಾಕಿಕೊಳ್ಳುತ್ತೇನೆ, ಊಟ ಸರಿಯಾಗಿ ಮಾಡುತ್ತೇನೆ. ಅಂಚೆ ಕಚೇರಿ ಮುಚ್ಚುವ ಹೊತ್ತಾಯಿತು. ರಿಪೋರ್ಟ್ ಬಂದ ಕೂಡಲೇ ರಘು ಫೋನ್ ಮಾಡಲಿ, ರಾತ್ರಿಯಾದರೂ ಪರವಾಗಿಲ್ಲ. ಅಪ್ಪಯ್ಯನಿಗೆ ನಮಸ್ಕಾರ.

ನಿನ್ನ
ಸುಧಾ