ದೊರೆ, ಮೂಸು!

ಶಿವಮೊಗ್ಗ
ಡಿಸೆಂಬರ್ 28

ಪ್ರೀತಿಯ ತಬಲಾ,

ಕುಸ್ವಾರಿನ, ಅಂದರೆ ಕ್ರಿಸ್‌ಮಸ್ ತಿಂಡಿಯ, ಡಬ್ಬ ಇವತ್ತು ಬೆಳಗ್ಗೆ ಕೊರಿಯರಿಗೆ ಕೊಟ್ಟೆ. ಅಮ್ಮ ನಿನ್ನ ಹೆಸರಲ್ಲಿ ಹನ್ನೆರಡು ನೆವ್ರಿ, ಅದೇ ಕರ್ಜಿಕಾಯಿ ಥರದ್ದು, ಎಣಿಸಿ ಕಟ್ಟಿದ್ದಳು. ಡಬ್ಬದಲ್ಲಿ ಹತ್ತಿವೆ. ಉಳಿದ ಎರಡಕ್ಕೆ ಕೋಳಿಯೇ ಸಾಕ್ಷಿ.

ಇದನ್ನ ನಿನ್ನ ವಾಟ್ಸಾಪಿಗೇ ಹಾಕಬಹುದಿತ್ತು. ಆದರೆ ಅಲ್ಲಿ ನೀನು ಒಂದು ಹೆಬ್ಬೆರಳು ತೋರಿಸಿ ಮಲಗಿಬಿಡ್ತೀಯ. ಇಲ್ಲಿ ಫೇಸ್‌ಬುಕ್ಕಲ್ಲಿ ನಾಲ್ಕು ಜನರೆದುರು ಬರೆದರೆ ಮರ್ಯಾದೆಗಾದರೂ ಉತ್ತರ ಕೊಡಬೇಕು. ಓದುತ್ತಿರೋ ಉಳಿದವರಿಗೆ ನಮಸ್ಕಾರ. ಇವನು ನನ್ನ ಗೆಳೆಯ. ತಬಲಾ ಅನ್ನೋದು ಇವನ ಹೆಸರಲ್ಲ. ಆನಂದಪುರದಲ್ಲಿ ಕುಡಿದ ಟೀ ದುಡ್ಡು ಇನ್ನೂ ಕೊಟ್ಟಿಲ್ಲ.

ಈ ಸಲವೂ ಕ್ರಿಸ್‌ಮಸ್ಸಿಗೆ ಊರಿಗೇ ಹೋಗಿದ್ದೆ. ವರ್ಷವೆಲ್ಲ ಬಿ.ಎಚ್. ರಸ್ತೆಯ ಸೇಕ್ರೆಡ್ ಹಾರ್ಟ್ ಕೆಥೆಡ್ರಲ್‌ಗೆ ಹೋಗೋನು ನಾನು. ಅಷ್ಟೆತ್ತರದ ಮಾಡಿನ ಕೆಳಗೆ ಹಾಡಿದರೆ ನಮ್ಮ ದನಿ ಮೇಲೆ ಹೋಗಿ, ಸುತ್ತಾಡಿಕೊಂಡು, ಬೇರೆ ಯಾರದ್ದೋ ಆಗಿ ವಾಪಸ್ ಬರುತ್ತೆ. ನಾವು ಏಳನೇ ಕ್ಲಾಸಲ್ಲಿದ್ದಾಗ, 1988ರಲ್ಲಿ, ಚಿಕ್ಕಮಗಳೂರಿಂದ ಬೇರೆಯಾಗಿ ಶಿವಮೊಗ್ಗ ಧರ್ಮಪ್ರಾಂತ್ಯ ಆಯ್ತಲ್ಲ, ಆಗ ಲಾರಿಯಲ್ಲಿ ನಿಂತು ಬಂದು ಹಾಡಿದ್ದು ನೆನಪಿದೆಯಾ? ನೀನೂ ಇದ್ದೆ. ನಿಮ್ಮಪ್ಪಯ್ಯನಿಗೆ ವಿಜ್ಞಾನ ಮೇಳ ಅಂತ ಹೇಳಿ ಬಂದಿದ್ದೆ.

ಡಿಸೆಂಬರ್ 24ಕ್ಕೆ ಮಾತ್ರ ಸಾಗರದ ಬಸ್ಸು ಹತ್ತಲೇಬೇಕು ನನಗೆ. ಸಾಗರ ದಾಟಿ, ಕೊನೇ ಸ್ಟಾಪಲ್ಲಿ ಇಳಿದ ತಕ್ಷಣ ಮೂಗಿಗೆ ಹೊಡೆಯೋದು ಅಡಿಕೆ ಬೇಯಿಸೋ ಹಂಡೆಯ ವಾಸನೆ. ಊರಿಗೆಲ್ಲ ಕ್ರಿಸ್‌ಮಸ್ ಅಂದರೆ ಕೇಕು, ಬಲೂನು. ನಮಗೆ ಚೊಗರು, ಅಡಿಕೆ ಬೆಂದ ಗಟ್ಟಿ ನೀರು. ಕೊಯ್ಲಿನ ನಟ್ಟನಡುವೆ ಬರೋ ಹಬ್ಬ ತಾನೇ ಅದು?

ಇಲ್ಲಿ ಯಾರಿಗೂ ಗೊತ್ತಿಲ್ಲದ ಒಂದು ಸಂಗತಿ ಹೇಳಿಬಿಡ್ತೀನಿ. ನೀನು ಕ್ರಿಸ್‌ಮಸ್ ಹಾಡು ಮೊದಲು ಕೇಳಿದ್ದು ಇಗರ್ಜಿಯಲ್ಲಲ್ಲ. ನಿಮ್ಮ ಮನೆ ಅಂಗಳದಲ್ಲಿ. ಚಪ್ಪರದ ಕೆಳಗೆ ಗ್ಯಾಸ್‌ಲೈಟು, ಸಾಲಾಗಿ ಮೆಟ್ಟುಗತ್ತಿ, ಕಂಬಳಿ ಹೊದ್ದ ಹೆಂಗಸರು. ಸುಲಿದಷ್ಟಕ್ಕೆ ಡಬ್ಬದ ಲೆಕ್ಕದಲ್ಲಿ ಕೂಲಿ. ಹನ್ನೊಂದು ಗಂಟೆ ದಾಟಿ ಎಲ್ಲರ ಕಣ್ಣು ಎಳೆಯೋಕೆ ಶುರುವಾದಾಗ ನನ್ನಮ್ಮ ಹಾಡೋಳು. ಸಿಪ್ಪೆ ಸೀಳೋ 'ಚರಕ್', ಅಡಿಕೆ ಬುಟ್ಟಿಗೆ ಬೀಳೋ 'ಟಕ್', ಅವಳಿಗೆ ಅದೇ ತಾಳ. ಒಂದಿನ ನಿಮ್ಮಜ್ಜಿ ಒಳಗಿಂದ "ಯಾವ ದೇವರದ್ದೇ ಅದು?" ಅಂತ ಕೇಳಿದ್ದು, ಅಮ್ಮ ಕೈ ನಿಲ್ಲಿಸದೇ "ಹುಟ್ಟಿದ ಹಬ್ಬದ್ದು, ಅಮ್ಮಾ" ಅಂದದ್ದು, ಅಜ್ಜಿ ಸ್ವಲ್ಪ ಹೊತ್ತು ಬಿಟ್ಟು "ಕೃಷ್ಣಂದೂ ಒಂದು ಹೇಳು ಹಾಂಗಾರೆ" ಅಂದದ್ದು! ಅಮ್ಮನಿಗೆ ಕೃಷ್ಣಂದು ಬರ್ತಿರಲಿಲ್ಲ. ಅದನ್ನೇ ಇನ್ನೊಂದ್ಸಲ ಹಾಡಿದಳು. ಅಜ್ಜಿ ಏನೂ ಅನ್ನಲಿಲ್ಲ.

ಆಮೇಲೆ ತಾನೇ ನೀನು ತಬಲಾ ಹೊತ್ತುಕೊಂಡು ನಮ್ಮ ಗಾನವೃಂದಕ್ಕೆ ಬಂದದ್ದು. 'ಸೈಲೆಂಟ್ ನೈಟ್'ಗೆ ದಾದ್ರಾ ಹಿಡಿದು, "ಆರು ಮಾತ್ರೆ ಕಣೋ, ನಮ್ಮದೇ ತಾಳ, ಇದರಲ್ಲೇನಿದೆ ವಿಶೇಷ?" ಅಂತ ಎಲ್ಲರೆದುರು ಕೊಚ್ಚಿಕೊಂಡೆ. ಮೂರನೇ ಚರಣಕ್ಕೆ ನಿದ್ದೆ ತೂಗಿ ಏಳನೇ ಮಾತ್ರೆ ಹೊಡೆದೆ. ಜಗತ್ತಲ್ಲಿ ಆ ಹಾಡಿಗೆ ಏಳನೇ ಮಾತ್ರೆ ಕೊಟ್ಟವನು ನೀನೊಬ್ಬನೇ ಇರಬೇಕು.

ಆ ಹಾಡಿನ ಕಥೆ ಸಣ್ಣವರಿಗೆಲ್ಲ ಹೇಳಿಹೇಳಿ ನನಗೇ ಬಾಯಿಪಾಠ. ಯೋಸೆಫ್ ಮೋರ್ ಅನ್ನೋ ಪಾದ್ರಿ 1816ರಲ್ಲಿ ಪದ್ಯ ಬರೆದಿಟ್ಟಿದ್ದ. 1818ರ ಡಿಸೆಂಬರ್ 24ಕ್ಕೆ, ಆಸ್ಟ್ರಿಯಾದ ಓಬರ್ನ್‌ಡಾರ್ಫಿನಲ್ಲಿ, ಫ್ರಾನ್ಸ್ ಕ್ಸಾವರ್ ಗ್ರೂಬರ್ ಅನ್ನೋ ಶಾಲಾ ಮೇಷ್ಟ್ರ ಹತ್ತಿರ ರಾಗ ಹಾಕಿಸಿಕೊಂಡು, ಅದೇ ರಾತ್ರಿ ಇಬ್ಬರೂ ನಿಂತು ಹಾಡಿದರು. ಪಕ್ಕವಾದ್ಯ ಬರೀ ಒಂದು ಗಿಟಾರು. ಆರ್ಗನ್ನಿನ ತಿದಿಯನ್ನ ಇಲಿ ಕಡಿದಿತ್ತು, ಅದಕ್ಕೇ ಗಿಟಾರು ಅಂತ ಕಥೆ. ಇಲಿಯನ್ನ ಆಮೇಲೆ ಯಾರೋ ಸೇರಿಸಿದ್ದಂತೆ, ಪುರಾವೆ ಇಲ್ಲ. ಆದರೂ ನಾನು ಇಲಿಯನ್ನ ಬಿಡಲ್ಲ. ಮೇಷ್ಟ್ರನ್ನ ಮರೆತ ಮಕ್ಕಳೂ ಇಲಿಯನ್ನ ನೆನಪಿಟ್ಟುಕೊಳ್ತಾರೆ.

ಇನ್ನು ನಡುರಾತ್ರಿ ಪೂಜೆಯ ಆ ಘಳಿಗೆ. ಕ್ರಿಸ್‌ಮಸ್ಸಿಗೆ ಮುಂಚಿನ ಆಗಮನ ಕಾಲದ ನಾಲ್ಕು ಭಾನುವಾರ ಮಹಿಮಾಗೀತೆ ಹಾಡೋಹಾಗಿಲ್ಲ, ನಿನಗೆ ಗೊತ್ತು. ನಾಲಿಗೆಗೆ ಬಂದದ್ದನ್ನ ಒಂದು ತಿಂಗಳು ನುಂಗಿಕೊಂಡೇ ಇರಬೇಕು. ಆಮೇಲೆ ಆ ರಾತ್ರಿ ಫಾದರ್ ಮೊದಲ ಸಾಲು ಎತ್ತಿಕೊಟ್ಟದ್ದೇ ತಡ, ಗಂಟೆಯೆಲ್ಲ ಒಟ್ಟಿಗೆ. ಗೋದಲಿಯ, ಬಾಲಯೇಸುವಿನ ಕೊಟ್ಟಿಗೆಯ, ದೀಪ ಹತ್ತುತ್ತೆ. ಸುಲಿದ ಕೈಗಳು, ಕಪ್ಪಾದ ಉಗುರುಗಳು, ಶಾಲು, ಮಫ್ಲರು, ಎಲ್ಲ ಒಮ್ಮೆಲೇ ಎದ್ದು ನಿಲ್ಲುತ್ತೆ. ಹಾಡುವವರ ಬಾಯಿಂದ ಹಬೆ. ಆ ಚಳಿಯಲ್ಲಿ ಹಾಡು ಕಣ್ಣಿಗೂ ಕಾಣುತ್ತೆ ಕಣೋ. ದೇವರಿದ್ದಾನಾ ಅಂತ ಮಾರ್ಚ್ ತಿಂಗಳಲ್ಲಿ ಕೇಳು, ನಾನು ಹಾಂ ಹೂಂ ಅಂತೀನಿ. ಆ ಎರಡು ನಿಮಿಷದಲ್ಲಿ ಕೇಳಬೇಡ, ಉತ್ತರ ಕೊಡೋಕೆ ನನಗೆ ಪುರುಸೊತ್ತಿರಲ್ಲ.

ಒಂದು ತಕರಾರು ಮಾತ್ರ ಈಗಲೂ ಇದೆ. ಕನ್ನಡದ ಪದ ತಲೆಯಿಂದ ನಡೆಯುತ್ತೆ, ತೂಕ ಮೊದಲ ಅಕ್ಷರಕ್ಕೆ. ಪಾಶ್ಚಾತ್ಯರ ಎಷ್ಟೋ ರಾಗಗಳು ಮೊದಲ ಸ್ವರವನ್ನ ಹಗುರಕ್ಕೆ ದಾಟಿ ಎರಡನೇದರ ಮೇಲೆ ಕಾಲೂರುತ್ತವೆ. ಹಾಗಾಗಿ ನಾವು ಎಷ್ಟೋ ಕಡೆ ಪದದ ತಲೆ ತಗ್ಗಿಸಿ ಬಾಲ ಎತ್ತಿ ಹಾಡ್ತೀವಿ. ಜರ್ಮನಿಯಿಂದ ಬಂದ ಕಿಟೆಲ್ ನಾಗವರ್ಮನ ಛಂದಸ್ಸಿನ ಗ್ರಂಥ ಛಂದೋಂಬುಧಿಯನ್ನೇ ಸಂಪಾದಿಸಿ 1875ರಲ್ಲಿ ಅಚ್ಚು ಹಾಕಿಸಿದರು. ನಮ್ಮ ಹಾಡಿನ ಪುಸ್ತಕಕ್ಕೆ ಅಂಥವರೊಬ್ಬರು ಇನ್ನೂರು ವರ್ಷ ಬದುಕಬೇಕಿತ್ತು. ನನ್ನ ಉದ್ದನೆಯ ನೋಟ್‌ಬುಕ್ ನಿನಗೆ ನೆನಪಿರಬೇಕು. ಪುಟಪುಟಕ್ಕೂ ಕೆಂಪು ಶಾಯಿಯಲ್ಲಿ 'ಇಲ್ಲಿ ಉಸಿರು', 'ಇಲ್ಲಿ ಎಳೆಯಬೇಡಿ'. 31ನೇ ಪುಟದಲ್ಲಿ ಮೇಣ ಬಿದ್ದು ಒಂದು ಸಾಲೇ ಮುಚ್ಚಿಹೋಗಿದೆ. ಪಕ್ಕದಲ್ಲಿ ಚೊಗರಿನ ಹೆಬ್ಬೆಟ್ಟು. ಅದು ಅಮ್ಮಂದು. ಆ ಪುಟ 'ಆದೇಸ್ತೆ ಫಿದೇಲೆಸ್' ಅನ್ನೋ ಲ್ಯಾಟಿನ್ ಕ್ರಿಸ್‌ಮಸ್ ಹಾಡಿನ ಕನ್ನಡ.

ಈಗ ವಿಷಯಕ್ಕೆ ಬರ್ತೀನಿ. ಇಷ್ಟು ಹೊತ್ತು ಬೇಲಿ ಸುತ್ತುತ್ತಿದ್ದೆ.

ಅಕ್ಕನ ಮಗಳು ಈ ಸಲ ಪೂಜೆ ಮುಗಿಯೋ ಹೊತ್ತಿನ ಹಾಡನ್ನ ವಿಡಿಯೋ ಮಾಡಿದ್ದಳು. ನಾನದನ್ನ ಹಾಕಿದ್ದೆ, ನೀವೆಲ್ಲ ಮೆಚ್ಚಿದಿರಿ, ಸಂತೋಷ. ಅದರಲ್ಲಿ ಒಂದು ನಿಮಿಷ ಎಂಟನೇ ಸೆಕೆಂಡು ನೋಡಿ. ಕಣ್ಣು ಮುಚ್ಚಿ ಭಕ್ತಿಯಿಂದ ಹಾಡುತ್ತಿರೋ ಈ ಮಹಾನುಭಾವ ಒಂದು ಕಣ್ಣು ತೆಗೀತಾನೆ. ಸೀದಾ ಫೋನಿನ ಕಡೆ. ರೆಕಾರ್ಡ್ ಆಗ್ತಿದೆ ಅಂತ ಖಾತ್ರಿ ಮಾಡಿಕೊಂಡು ಮತ್ತೆ ಮುಚ್ಚಿಕೊಳ್ತಾನೆ. ಹಲ್ಲಿ ಕೂಡ ಅಷ್ಟು ನಾಜೂಕಾಗಿ ಕಣ್ಣು ಹೊಡೆಯಲ್ಲ.

ಇದು ನಗುವ ವಿಷಯ, ನಗು. ನಾನೂ ನಕ್ಕೆ. ಆಮೇಲೆ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ನಾಲ್ಕನೇ ಸಲ ಕೇಳ್ತಾ ಇದ್ದೆ. ಯಾಕೆ ಅಂತ ಕೇಳಬೇಡ, ನನ್ನ ದನಿ ನನಗಿಷ್ಟ. ಆಗ ಕೇಳಿಸಿತು. ಹುಡುಗಿ ಕೂತಿದ್ದು ಅಮ್ಮನ ಪಕ್ಕದಲ್ಲಿ. ಮೈಕಿಗೆ ಎಲ್ಲರಿಗಿಂತ ಹತ್ತಿರ ಇದ್ದವಳು ಅಮ್ಮ. ಇಡೀ ಇಗರ್ಜಿ ಕನ್ನಡದಲ್ಲಿ ಹಾಡ್ತಿದೆ. ಅದರ ಅಡಿಯಲ್ಲಿ, ಅರ್ಧ ಮಾತ್ರೆ ಹಿಂದೆ, ಒರಟು ದನಿಯೊಂದು, ಪಿಸುಮಾತಿಗಿಂತ ಒಂಚೂರು ಜೋರಾಗಿ:

"ಬೆನಿತ್ತೆ ದೊರೆಮೂಸು, ಬೆನಿತ್ತೆ ದೊರೆಮೂಸು..."

ದೊರೆ ಮೂಸು! ನಾವು ಎಷ್ಟು ನಕ್ಕಿಲ್ಲ ಇದಕ್ಕೆ. ನಿಮ್ಮನೆ ಅಂಗಳದಿಂದ ಹಿಡಿದು ಹೈಸ್ಕೂಲಿನ ತನಕ. ಉಪ್ಪಿಟ್ಟು ಕೊಟ್ಟರೆ "ದೊರೆ, ಮೂಸು", ಸಾಕ್ಸ್ ಬಿಚ್ಚಿದರೆ "ದೊರೆ, ಮೂಸು". ಅದು 'ಆದೇಸ್ತೆ ಫಿದೇಲೆಸ್'ನ ಪಲ್ಲವಿ 'ವೆನೀತೆ ಅದೋರೇಮುಸ್' ಅಂತ, ಬನ್ನಿ ಆರಾಧಿಸೋಣ ಅಂತ ನನಗೆ ಗೊತ್ತಾಗೋ ಹೊತ್ತಿಗೆ ಆ ನಗು ಅಭ್ಯಾಸವಾಗಿಬಿಟ್ಟಿತ್ತು. ಅಮ್ಮ ಅದನ್ನ ಕಲಿತಿದ್ದು ಘಟ್ಟದ ಕೆಳಗಿನ ತವರಲ್ಲಿ, ಪೂಜೆಯೆಲ್ಲ ಲ್ಯಾಟಿನ್ನಲ್ಲಿದ್ದಾಗ. ಕ್ಯಾಥೊಲಿಕರ ಎರಡನೇ ವ್ಯಾಟಿಕನ್ ಮಹಾಸಭೆ ಪೂಜೆಯಲ್ಲಿ ಊರೂರಿನ ಭಾಷೆಗೆ ಬಾಗಿಲು ತೆಗೆದದ್ದು 1963ರ ಡಿಸೆಂಬರ್ 4ಕ್ಕೆ. ಅಮ್ಮನಿಗೆ ಆಗ ಹನ್ನೊಂದು. ಭಾಷೆ ಬದಲಾಯ್ತು, ಮನೆ ಬದಲಾಯ್ತು, ಘಟ್ಟ ಹತ್ತಿ ಬಂದಳು. ಅರ್ಥ ಗೊತ್ತಿಲ್ಲದ ಎರಡು ಪದ ಮಾತ್ರ ಬಾಯಲ್ಲೇ ಉಳಿದವು, ಎಲೆಯಡಿಕೆ ಹಾಗೆ ಸವೆದುಕೊಂಡು.

ಆ ಹಾಡಿನ ಹಳೇ ಪ್ರತಿಗಳು ಜಾನ್ ಫ್ರಾನ್ಸಿಸ್ ವೇಡ್ ಅನ್ನೋನ ಕೈಬರಹದವು, 18ನೇ ಶತಮಾನದ ನಡುಗಾಲದವು. ಇಂಗ್ಲಿಷಿನವನು, ಫ್ರಾನ್ಸಿಗೆ ಹೋಗಿ ಸಂಗೀತದ ಹಸ್ತಪ್ರತಿ ನಕಲು ಮಾಡಿ ಬದುಕಿದವನು. ಹಾಡು ಅವನೇ ಕಟ್ಟಿದ್ದೋ, ಬರೀ ನಕಲು ಮಾಡಿದ್ದೋ ಅನ್ನೋ ಜಗಳ ಇನ್ನೂ ಮುಗಿದಿಲ್ಲ. ಫ್ರೆಡರಿಕ್ ಓಕ್ಲಿ ಅದನ್ನ ಇಂಗ್ಲಿಷಿಗೆ ತಂದದ್ದು 1841ರಲ್ಲಿ. ಇವೆಲ್ಲ ನಾನು ಓದಿಕೊಂಡಿದ್ದೀನಿ ನೋಡು. ಅಮ್ಮನನ್ನ ಒಂದು ಸಲವೂ ಕೇಳಿರಲಿಲ್ಲ.

ತಬಲಾ, 2000ದ ಕ್ಯಾರಲ್ ಸ್ಪರ್ಧೆ ನೆನಪಿದೆಯಲ್ಲ. ಅಮ್ಮನನ್ನ ಗಾನವೃಂದದಿಂದ ಕೆಳಗೆ ಕೂರಿಸಿದರು ಅಂತ ನೀನು ಆಗಿದ್ದ ಫಾದರ್ ಮೇಲೆ ಸಿಟ್ಟಾಗಿ ಒಂದಿಡೀ ವರ್ಷ ತಬಲಾ ಮುಟ್ಟಲಿಲ್ಲ. ಎದುರು ಸಿಕ್ಕರೆ ಮಾತಾಡಿಸಲಿಲ್ಲ. ಅವರು ಪಾಪ, ಯಾಕೆ ಅಂತ ಗೊತ್ತಾಗದೇ ನಿಮ್ಮ ಮನೆವರೆಗೂ ಬಂದು ಮಜ್ಜಿಗೆ ಕುಡಿದು ಹೋದರು.

ಫಾದರ್ ಹೇಳಿರಲಿಲ್ಲ ಕಣೋ. ನಾನೇ.

ಹೊಸದಾಗಿ ಗಾನವೃಂದದ ಯಜಮಾನಿಕೆ ಸಿಕ್ಕಿತ್ತು. ಅಮ್ಮ ಎಳೀತಾಳೆ, ಶ್ರುತಿ ಬಿಡ್ತಾಳೆ, ಅವಳ ದೊರೆಮೂಸು ಕೇಳಿ ಹಿಂದಿನ ಸಾಲಿನ ಹುಡುಗರು ಕಿಸಕ್ ಅಂತಾರೆ. ರಿಹರ್ಸಲ್ಲಿಗೆ ಅಡಿಕೆ ಸುಲಿದ ಕೈಯಲ್ಲೇ ಬರ್ತಾಳೆ. ಹೌದು, ಅದೂ ಇತ್ತು. ಅಡುಗೆಮನೆ ಬಾಗಿಲಲ್ಲಿ ನಿಂತು "ಫಾದರ್ ಹೇಳಿದ್ರು, ವಯಸ್ಸಾದವರು ಕೆಳಗೆ ಕೂರಬೇಕಂತೆ" ಅಂದೆ. ಅವಳು ತೆಂಗಿನಕಾಯಿ ತುರೀತಿದ್ದಳು. "ಹೂಂ, ಸರಿಯೇ" ಅಂದು ತುರಿಯೋದು ಮುಂದುವರಿಸಿದಳು. ಆಗ ಅವಳಿಗೆ ನಲವತ್ತೆಂಟು. ಈಗ ನನಗೆಷ್ಟು ಅಂತ ನಿನಗೆ ಲೆಕ್ಕ ಬರುತ್ತೆ.

ನಮಗೆ ಎರಡನೇ ಬಹುಮಾನ ಬಂತು. ಗೋಡೆ ಗಡಿಯಾರ. ಇಗರ್ಜಿಯಲ್ಲಿ ಈಗಲೂ ಹತ್ತು ನಿಮಿಷ ಮುಂದೆ ಓಡ್ತಿದೆ.

ಇಪ್ಪತ್ತೈದು ವರ್ಷ ಅವಳು ಕೆಳಗೆ ಕೂತು, ಪಕ್ಕದವರಿಗೂ ಕೇಳದ ಹಾಗೆ ಹಾಡಿದ್ದಾಳೆ. ನಾನು ಮೇಲೆ ನಿಂತು ಒಂದು ಕಣ್ಣು ತೆಗೆದು ಹಾಡಿದ್ದೀನಿ. ಆ ಫಾದರ್ ಈಗಿಲ್ಲ. ಅವರ ಮೇಲೆ ನಿನಗಿರೋ ಸಿಟ್ಟನ್ನ ದಯವಿಟ್ಟು ನನ್ನ ಖಾತೆಗೆ ವರ್ಗಾಯಿಸಿಕೋ. ಬಡ್ಡಿ ಸಮೇತ ಬೇಡ.

ನಿನ್ನೆ ರಾತ್ರಿ ಊರಲ್ಲಿ ಅವಳ ಪಕ್ಕ ಕೂತೆ, ಹೇಳಿಬಿಡೋಣ ಅಂತಲೇ. ವಿಡಿಯೋ ತೋರಿಸಿ, ಇಯರ್‌ಫೋನ್ ಅವಳ ಕಿವಿಗಿಟ್ಟೆ. ಹಾಡು ಮುಗಿಯೋವರೆಗೂ ಕೇಳಿದಳು. "ಯಾರೇ ಅದು ಮುದುಕಿ, ಎಳೆದು ಎಳೆದು ಹಾಡ್ತಾಳೆ?" ಅಂದಳು. ನಾನು ಬಾಯಿ ತೆಗೆಯೋದರೊಳಗೆ "ಕೋಳಿಗೂಡಿನ ಬಾಗಿಲು ಹಾಕಿದ್ಯೇನೋ?" ಅಂತ ಕೇಳಿದಳು. ಎದ್ದು ಹೋಗಿ ಹಾಕಿ ಬಂದೆ. ವಾಪಸ್ ಬರೋಷ್ಟರಲ್ಲಿ ಮಲಗಿಬಿಟ್ಟಿದ್ದಳು.

ಅವಳಿಗೆ ಹೇಳಲಾಗದ್ದನ್ನ ಇಲ್ಲಿ ಊರವರೆದುರು ಬರೀತಿದ್ದೀನಿ. ಎಂಥಾ ಧೈರ್ಯ ನೋಡು. ಅವಳಿಗೆ ಫೇಸ್‌ಬುಕ್ ಇಲ್ಲ ಅನ್ನೋದೇ ಆ ಧೈರ್ಯ. ನೀನು ಫೋನ್ ಮಾಡಿದಾಗ ಇದನ್ನೆಲ್ಲ ಅವಳಿಗೆ ಓದಿ ಹೇಳಿದೆಯೋ, ಮುಂದಿನ ವರ್ಷ ಡಬ್ಬದಲ್ಲಿ ಬರೀ ಚಕ್ಕುಲಿ ಬರುತ್ತೆ, ಅದೂ ನಾನು ಮಾಡಿದ್ದು.

ಅಂದಹಾಗೆ, ಅಟ್ಟ ಹತ್ತಿದ್ದೆ. ನಿನ್ನ ಹಳೇ ತಬಲಾ ಅಲ್ಲೇ ಇದೆ, ಬೆಡ್‌ಶೀಟ್ ಸುತ್ತಿಕೊಂಡು. ಬಲಗಡೆದು ಪರವಾಗಿಲ್ಲ. ಎಡಗಡೆ ಡಗ್ಗದ ಚರ್ಮ ಇಲಿ ಕಡಿದು ಅಂಗೈ ಹೋಗೋಷ್ಟು ತೂತು. ಈ ಇಲಿಗೆ ಪುರಾವೆ ಇದೆ, ಫೋಟೋ ಕಳಿಸ್ತೀನಿ. ಸಾಗರದಲ್ಲಿ ಚರ್ಮ ಕಟ್ಟೋರು ಯಾರಾದರೂ ಸಿಗ್ತಾರಾ ವಿಚಾರಿಸಲಾ, ಹೇಳು.

ನಿನ್ನ,
ಏಕನೇತ್ರ