ರಜೇಲಿ ಮಕ್ಕಳ ಕೈಗೆ ಒಂದು ಕೆಲಸ ಕೊಡು ಮಗಳೇ

ಪ್ರೀತಿಯ ಮಗಳೇ,

ಕರ್ತನ ನಾಮದಲ್ಲಿ ನಿನಗೂ ಅಳಿಯಂದ್ರಿಗೂ ಮಕ್ಕಳಿಗೂ ಆಶೀರ್ವಾದ. ನಿನ್ನ ಮೆಸೇಜ್ ಓದ್ದೆ. ಈ ಸಲ ಚರ್ಚಲ್ಲಿ ವಿಬಿಎಸ್, ಅಂದ್ರೆ ಮಕ್ಕಳ ರಜಾ ಬೈಬಲ್ ಶಾಲೆ, ಜವಾಬ್ದಾರಿ ನಿನ್ನ ತಲೆ ಮೇಲೇ ಬಂದಿದೆ, ಮನೇಲಿ ನೋಡಿದ್ರೆ ಇಬ್ಬರು ಮಕ್ಕಳೂ ರಜೆ ಶುರುವಾಗೋಕೆ ಮುಂಚೇನೇ ಬೋರ್ ಬೋರ್ ಅಂತಿದಾರೆ, ಏನು ಮಾಡಿಸ್ಲಿ ದೊಡ್ಡಮ್ಮ ಅಂತ ಕೇಳಿದೀಯ. ಫೋನಲ್ಲಿ ಹೇಳಿದ್ರೆ ಅರ್ಧ ಮರ್ತೋಗುತ್ತೆ, ಅದಕ್ಕೇ ಕೂತು ಬರೀತಿದೀನಿ, ಉದ್ದ ಆದ್ರೂ ಬೇಜಾರು ಮಾಡ್ಕೋಬೇಡ, ಸಂಜೆ ಕೆಲಸ ಮುಗಿದ ಮೇಲೆ ಓದು.

ನೀನು ಕಳಿಸಿದ ಪ್ಲಾನ್ ಚೆನ್ನಾಗೇ ಇದೆ. ಆ್ಯಕ್ಷನ್ ಸಾಂಗ್, ಬೊಂಬೆ ಆಟ, ಕ್ರಾಫ್ಟ್, ಬೈಬಲ್ ಕ್ವಿಜ್, ಕೊನೇ ದಿನ ಸ್ಟೇಜ್ ಪ್ರೋಗ್ರಾಮು, ಪ್ರೈಜು. ಒಂದನ್ನೂ ತೆಗೀಬೇಡ, ಮಕ್ಕಳಿಗೆ ಖುಷಿ ಬೇಕು, ಚರ್ಚ್ ಅಂದ್ರೆ ಖುಷಿಯ ಜಾಗ ಅಂತ ಚಿಕ್ಕ ವಯಸ್ಸಲ್ಲೇ ಮನಸ್ಸಿಗೆ ಬರ್ಬೇಕು. ಆದ್ರೆ ಪೂರ್ತಿ ಓದಿದ ಮೇಲೆ ನಂಗೆ ಅನ್ಸಿದ್ದು ಏನಂದ್ರೆ, ಇದರಲ್ಲಿ ಎಲ್ಲಾ ನಾವು ದೊಡ್ಡೋರು ಮಕ್ಕಳಿಗೋಸ್ಕರ ಮಾಡೋದೇ ಇದೆ, ಮಕ್ಕಳು ಇನ್ನೊಬ್ಬರಿಗೋಸ್ಕರ ಮಾಡೋ ಕೆಲಸ ಒಂದೂ ಇಲ್ಲ.

ಸಮುವೇಲನ ಕಥೆ ನಿನಗೆ ಬಾಯಿಪಾಠ. ರಾತ್ರಿ ದೇವರು ಕರೀತಾನೆ, ಹುಡುಗ, ದೇವಾಲಯದ ವಯಸ್ಸಾದ ಯಾಜಕ ಏಲಿ ತನ್ನನ್ನ ಕರೆದ ಅಂದ್ಕೊಂಡು ಮೂರು ಸಲ ಎದ್ದು ಓಡ್ತಾನೆ, ನಾಲ್ಕನೇ ಸಲ ಮಾತಾಡು ಸ್ವಾಮಿ ಕೇಳ್ತಿದೀನಿ ಅಂತಾನೆ. ಸಾಮಾನ್ಯವಾಗಿ ಸಂಡೇ ಸ್ಕೂಲಲ್ಲಿ ಅಲ್ಲಿಗೇ ಕಥೆ ನಿಲ್ಲಿಸಿಬಿಡ್ತಾರೆ. ನೀನು ಇನ್ನೂ ಸ್ವಲ್ಪ ಮುಂದಕ್ಕೆ ಓದು, 1 ಸಮುವೇಲ 3ನೇ ಅಧ್ಯಾಯ 15ನೇ ವಚನ. ಹುಡುಗ ಬೆಳಗಿನ ತನಕ ಮಲಗಿದ್ದು ಆಮೇಲೆ ಎದ್ದು ಕರ್ತನ ಮನೆಯ ಬಾಗಿಲುಗಳನ್ನ ತೆಗೆದ ಅಂತಿದೆ. ನೋಡು, ರಾತ್ರಿ ದೇವರೇ ಹೆಸರು ಹಿಡಿದು ಕರೆದು ಮಾತಾಡಿದಾನೆ, ಅದೂ ಎಂಥ ಭಾರದ ಮಾತು, ಏಲಿ ಮನೆತನಕ್ಕೆ ಬರೋ ಶಿಕ್ಷೆ ಬಗ್ಗೆ, ಇದನ್ನ ಆ ವಯಸ್ಸಾದೋರಿಗೆ ಹೇಗೆ ಹೇಳ್ಲಿ ಅಂತ ಮಗುಗೆ ಭಯ, ಆದ್ರೂ ಬೆಳಗಾಗ್ತಿದ್ದ ಹಾಗೇ ಹೋಗಿ ಬಾಗಿಲು ತೆಗೆದ. ಏಲಿಗೆ ಕಣ್ಣು ಮಂಜಾಗಿತ್ತು, ಈ ಹುಡುಗನ ಕೈ ಆ ಮನೆಗೆ ನಿಜವಾಗ್ಲೂ ಬೇಕಿತ್ತು. ನಮ್ಮ ಮಕ್ಕಳಿಗೂ ಅಷ್ಟೇ, ನಾನು ಬರದೇ ಇದ್ರೆ ಇಲ್ಲಿ ಒಂದು ಕೆಲಸ ನಿಂತೋಗುತ್ತೆ ಅನ್ನೋದು ಗೊತ್ತಾಗ್ಬೇಕು. ಚಪ್ಪಾಳೆ ತಟ್ಟಿಸಿಕೊಂಡು ಅದು ಬರಲ್ಲ.

ಅದಕ್ಕೆ ಮೊದಲನೇ ದಿನಾನೇ ಪ್ರತಿ ಮಗುಗೂ ಒಂದು ಕೆಲಸ ಹಂಚಿಬಿಡು. ಒಬ್ಬ ಹಾಡಿನ ಪುಸ್ತಕ ಹಂಚಿ ಆಮೇಲೆ ಎಣಿಸಿ ಜೋಡಿಸಿಡ್ಲಿ, ಒಬ್ಬಳು ಹೊಸದಾಗಿ ಬಂದ ಮಗುನ ಬಾಗಿಲಲ್ಲೇ ಮಾತಾಡಿಸಿ ಪಕ್ಕದಲ್ಲಿ ಕೂರಿಸಿಕೊಳ್ಳಲಿ, ಇಬ್ಬರು ಚಾಪೆ ಹಾಸೋದು ಮಡಚೋದು, ಇನ್ನೊಬ್ಬರು ಇವತ್ತು ಯಾರು ಬಂದಿಲ್ಲ ಅಂತ ನೋಡಿ ಟೀಚರ್‌ಗೆ ಹೇಳೋದು. ದಿನಾ ಬದಲಾಯಿಸಬೇಡ, ಕೊನೇವರೆಗೂ ಅದೇ ಮಗುಗೆ ಅದೇ ಕೆಲಸ ಇರ್ಲಿ. ಸುಸ್ತಾಗಿ ನಾಲ್ಕನೇ ದಿನ ಯಾಕಪ್ಪಾ ಇದು ಅನ್ನುತ್ತಲ್ಲ ಮಗು, ಅವಾಗಲೇ ಪಾಠ ಶುರುವಾಗೋದು, ಅಲ್ಲಿ ಬಿಟ್ಟುಕೊಡಬೇಡ, ಆದ್ರೆ ಗದರಲೂ ಬೇಡ, ಪಕ್ಕದಲ್ಲಿ ನಿಂತು ನೀನೂ ನಾಲ್ಕು ಪುಸ್ತಕ ಎತ್ತಿಡು ಸಾಕು.

ಈ ವಿಬಿಎಸ್ ಹೇಗೆ ಶುರುವಾಯ್ತು ಅಂತಾನೂ ಹೇಳ್ತೀನಿ ಕಣೇ. 1898ರಲ್ಲಿ ನ್ಯೂಯಾರ್ಕಲ್ಲಿ ಹಾಸ್ ಅನ್ನೋ ಡಾಕ್ಟರ ಹೆಂಡತಿ ಒಬ್ಬರು, ಬೇಸಿಗೇಲಿ ಬಡ ಮಕ್ಕಳೆಲ್ಲ ಬೀದೀಲಿ ಅಲೀತಿರೋದು ನೋಡಲಾರದೆ, ಜಾಗ ಸಿಗದೆ ಒಂದು ಬಿಯರ್ ಹಾಲನ್ನ ಬಾಡಿಗೆಗೆ ತಗೊಂಡು ಅಲ್ಲೇ ಹಾಡು ಬೈಬಲ್ ಕಥೆ ಕೈಕೆಲಸ ಆಟ ಎಲ್ಲ ಶುರು ಮಾಡಿದ್ರು. ಅದಕ್ಕೂ ಮುಂಚೆ 1780ರಲ್ಲಿ ಇಂಗ್ಲೆಂಡಿನ ಗ್ಲೌಸ್ಟರಲ್ಲಿ ರಾಬರ್ಟ್ ರೇಕ್ಸ್ ಸಂಡೇ ಸ್ಕೂಲ್ ಮಾಡಿದಾಗ್ಲೂ, ವಾರವೆಲ್ಲ ದುಡಿಯೋ ಮಕ್ಕಳಿಗೆ ಅಕ್ಷರ ಕಲಿಸೋದೇ ದೊಡ್ಡ ಕೆಲಸ ಆಗಿತ್ತು. ಅವರು ಯಾರೂ ಮಕ್ಕಳಿಗೆ ಟೈಮ್‌ಪಾಸ್ ಆಗ್ಲಿ ಅಂತ ಮಾಡ್ಲಿಲ್ಲ. ಹಾಗಾಗಿ ಸಭೆಯ ಮಕ್ಕಳ ಜೊತೆ, ಯಾವತ್ತೂ ಚರ್ಚ್ ಒಳಗೆ ಬರದ ಮಕ್ಕಳನ್ನೂ ಕರಿ, ಅವರ ಅಪ್ಪ ಅಮ್ಮನ ಹತ್ರ ಮೊದಲೇ ಮಾತಾಡಿ, ಇಂಥ ಕಥೆ ಇಂಥ ಹಾಡು ಹೇಳಿಕೊಡ್ತೀವಿ ಅಂತ ಮುಚ್ಚುಮರೆ ಇಲ್ದೆ ಹೇಳಿ, ಒಪ್ಪಿದ್ರೆ ಮಾತ್ರ ಕರ್ಕೊಂಡು ಬಾ.

ಸ್ಕಿಟ್ ಮಾಡಿಸ್ತೀನಿ ಅಂದ್ಯಲ್ಲ, ದಾರೀಲಿ ಗಾಯಗೊಂಡು ಬಿದ್ದಿದ್ದ ಅಪರಿಚಿತನನ್ನ ಛತ್ರಕ್ಕೆ ಸೇರಿಸಿ ನೋಡ್ಕೊಂಡ ಒಳ್ಳೇ ಸಮಾರ್ಯದವನ ಕಥೆ ತಗೋ. ಒಂದ್ಸಲ ಇದೇ ಕಥೆ ಪ್ರಾಕ್ಟೀಸ್ ನಡೀತಿತ್ತು, ಚಿಕ್ಕ ಹುಡುಗ ಒಬ್ಬ ಛತ್ರದವನ ಪಾತ್ರ, ಅವನಿಗೆ ಡೈಲಾಗೇ ಇರ್ಲಿಲ್ಲ, ಸಮಾರ್ಯದವನು ಎರಡು ಬೆಳ್ಳಿ ನಾಣ್ಯ ಕೊಟ್ಟು, ಹೆಚ್ಚಿಗೆ ಖರ್ಚಾದ್ರೆ ವಾಪಸ್ ಬರುವಾಗ ಕೊಡ್ತೀನಿ ಅಂತ ಹೇಳಿ ಹೋಗ್ತಾನೆ, ಇವನು ತಲೆ ಆಡಿಸ್ಬೇಕು ಅಷ್ಟೇ. ರಟ್ಟಿನಲ್ಲಿ ಮಾಡಿದ ಆ ಎರಡು ನಾಣ್ಯ ಅಂಗೈಲಿ ಇಟ್ಕೊಂಡು ತಿರುಗಿಸ್ತಾ ನಿಂತಿದ್ದೋನು, ಪ್ರಾಕ್ಟೀಸ್ ಮುಗಿದ ಮೇಲೆ ಬಂದು ಆಂಟಿ ಅವನು ವಾಪಸ್ ಬಂದ್ನಾ ಅಂತ ಕೇಳ್ದ. ಬೈಬಲಲ್ಲಿ ಅದು ಬರೆದಿಲ್ಲ. ನಿನಗೇನು ಅನ್ಸುತ್ತೆ ಅಂದೆ. ಬಂದಿರ್ತಾನೆ ಆಂಟಿ, ಗಾಯ ವಾಸಿ ಆಯ್ತಾ ಅಂತ ನೋಡ್ಬೇಕಲ್ಲ ಅಂದ. ನಾನು ಚರ್ಚಲ್ಲಿ ಎಷ್ಟೋ ಪ್ರಸಂಗ ಕೇಳಿದೀನಿ, ಎಣ್ಣೆ ದ್ರಾಕ್ಷಾರಸ ಹಾಕಿ ಗಾಯ ಕಟ್ಟಿದ್ದು, ತನ್ನ ಪಶು ಮೇಲೆ ಕೂರಿಸಿದ್ದು ಎಲ್ಲ ಹೇಳ್ತಾರೆ, ವಾಪಸ್ ಬರೋ ಮಾತನ್ನ ಆ ಮಗು ಥರ ಯಾರೂ ಹಿಡ್ಕೊಂಡಿರ್ಲಿಲ್ಲ. ಒಂದು ನಾಣ್ಯ ಅಂದ್ರೆ ಒಬ್ಬ ಕೂಲಿಯ ಒಂದು ದಿನದ ಸಂಬಳ, ಅದನ್ನೂ ಮಕ್ಕಳಿಗೆ ಹೇಳು, ಎರಡು ದಿನದ ದುಡಿಮೆ ಕೊಟ್ಟು ಮೇಲೆ ಮತ್ತೆ ಬರ್ತೀನಿ ಅಂದಿದಾನೆ.

ಅದಕ್ಕೇ ಹೇಳೋದು, ವೃದ್ಧಾಶ್ರಮಕ್ಕೋ ಕಾಯಿಲೆ ಬಿದ್ದೋರ ಮನೆಗೋ ಮಕ್ಕಳನ್ನ ಕರ್ಕೊಂಡು ಹೋಗೋದಾದ್ರೆ ಒಂದೇ ಸಲ ಹೋಗಿ ಹಾಡಿ ಫೋಟೋ ತೆಗೆದು ಬರೋ ಥರ ಮಾಡ್ಬೇಡ. ಒಂದೇ ಮನೆ ಆದ್ರೂ ಸರಿ, ಅದೇ ಮನೆಗೆ ಎರಡನೇ ಸಲ ಹೋಗ್ಬೇಕು. ಮೊದಲ ಸಲ ಹೋದಾಗ ಮಕ್ಕಳಿಗೂ ಸಂಕೋಚ ಅವರಿಗೂ ಸಂಕೋಚ. ಎರಡನೇ ಸಲ ಅಜ್ಜಿ ಹೋದ ಸಲ ಕಾಲು ನೋವು ಅಂದಿದ್ರಲ್ಲ ಈಗ ಹೇಗಿದೆ ಅಂತ ಮಗು ತಾನಾಗೇ ಕೇಳುತ್ತೆ.

ಕಂಠಪಾಠ ವಾಕ್ಯದ ಬಗ್ಗೆ ಒಂದು ಮಾತು. ಜಾಸ್ತಿ ಹೇಳಿದೋರಿಗೆ ಪ್ರೈಜು ಅಂತ ಇಟ್ರೆ ಅದೇ ಮೂರು ಮಕ್ಕಳು ಎಲ್ಲಾ ವರ್ಷ ತಗೋತಾರೆ, ಓದೋಕೆ ಕಷ್ಟ ಪಡೋ ಮಗು ದೇವರ ವಾಕ್ಯ ಅಂದ್ರೇನೇ ಹೆದರುತ್ತೆ. ಇದು ನಂಗೆ ತುಂಬಾ ಸಂಕಟ ಆಗೋ ವಿಷ್ಯ. ದಿನಕ್ಕೊಂದು ಚಿಕ್ಕ ವಾಕ್ಯ ಸಾಕು, ಕೈ ಸನ್ನೆ ಜೊತೆ ಎಲ್ಲರೂ ಸೇರಿ ಹೇಳ್ಲಿ, ಬೇಗ ಕಲಿತ ಮಗು ಪಕ್ಕದ ಮಗುಗೆ ಹೇಳಿಕೊಡ್ಲಿ, ಪ್ರೈಜ್ ಕೊಡೋದಾದ್ರೆ ಜೋಡಿಗೆ ಕೊಡು. ಕ್ರಾಫ್ಟ್ ಕೂಡ ಅಷ್ಟೇ, ಕುರಿಮರಿಗೆ ಹತ್ತಿ ಓರೆಯಾಗಿ ಅಂಟಿಸಿದ್ರೆ ಓರೆಯಾಗೇ ಇರ್ಲಿ, ಟೀಚರ್‌ಗಳು ಕಿತ್ಕೊಂಡು ಸರಿ ಮಾಡೋದು ಬೇಡ.

ಇನ್ನೊಂದು, ಇದನ್ನ ನೀನು ಕಟ್ಟುನಿಟ್ಟಾಗಿ ಮಾಡ್ಲೇಬೇಕು, ಯಾರು ಏನಂದ್ರೂ ಸರಿ. ಯಾವ ರೂಮಲ್ಲೂ ಮಕ್ಕಳ ಜೊತೆ ಒಬ್ಬರೇ ದೊಡ್ಡೋರು ಇರಬಾರ್ದು, ಯಾವಾಗಲೂ ಇಬ್ಬರು ಇರ್ಬೇಕು, ಬಾಗಿಲು ತೆರೆದಿರ್ಬೇಕು, ಯಾವ ಮಗುನ ಯಾರು ಕರ್ಕೊಂಡು ಹೋದ್ರು ಅಂತ ಬರೆದಿಡ್ಬೇಕು. ನಮ್ಮ ಸಭೆಯೋರೇ ಅಲ್ವಾ ಅನ್ನೋ ಸಲುಗೇಲಿ ಇದನ್ನ ಬಿಡೋ ಹಾಗಿಲ್ಲ. ನಿನ್ನ ಮಕ್ಕಳಿಗೂ ಹೇಳು, ಯಾರಾದ್ರೂ ಮೈ ಮುಟ್ಟಿ ಅಮ್ಮಂಗೆ ಹೇಳ್ಬೇಡ ಅಂದ್ರೆ ಅದನ್ನೇ ಮೊದಲು ಬಂದು ಹೇಳ್ಬೇಕು, ಅದು ಎಷ್ಟೇ ಪ್ರಾರ್ಥನೆ ಮಾಡೋ ಮನುಷ್ಯ ಆಗಿರ್ಲಿ.

ಇನ್ನು ಮನೆ ವಿಷ್ಯ. ಬೈಬಲಿನ ಧರ್ಮೋಪದೇಶಕಾಂಡ 6ನೇ ಅಧ್ಯಾಯದಲ್ಲಿ ಮಕ್ಕಳಿಗೆ ಯಾವಾಗ ಕಲಿಸ್ಬೇಕು ಅಂತ ಹೇಳಿದೆ ನೋಡು, ಮನೇಲಿ ಕೂತಿರುವಾಗ, ದಾರೀಲಿ ನಡೆಯುವಾಗ, ಮಲಗುವಾಗ, ಏಳುವಾಗ. ನಾಲ್ಕೂ ದಿನನಿತ್ಯದ ಹೊತ್ತೇ. ಹಾಗಾಗಿ ಮನೇಲಿ ಇನ್ನೊಂದು ಕ್ಲಾಸ್ ನಡೆಸೋಕೆ ಹೋಗ್ಬೇಡ, ಮಕ್ಕಳು ಓಡಿಹೋಗ್ತಾರೆ. ರಾತ್ರಿ ಕುಟುಂಬ ಪ್ರಾರ್ಥನೆ ಐದು ಹತ್ತು ನಿಮಿಷ ಸಾಕು, ಆದ್ರೆ ಚಿಕ್ಕೋಳಿಗೆ ಹಾಡು ಆರಿಸೋಕೆ ಬಿಡು, ದೊಡ್ಡೋನು ಓದ್ಲಿ, ಯಾರಿಗೋಸ್ಕರ ಪ್ರಾರ್ಥನೆ ಮಾಡ್ಬೇಕು ಅಂತ ಇಬ್ಬರೂ ಒಂದೊಂದು ಹೆಸರು ಹೇಳ್ಲಿ. ಆ ಸಮಯದಲ್ಲಿ ನಿಮ್ಮಿಬ್ಬರ ಫೋನೂ ಬೇರೆ ರೂಮಲ್ಲಿರ್ಲಿ, ಮಕ್ಕಳ ಫೋನ್ ಮಾತ್ರ ಕಿತ್ಕೊಂಡ್ರೆ ಅವರು ನಿಮ್ಮ ಮಾತು ನಂಬಲ್ಲ.

ಮನೇಲೂ ಒಂದೊಂದು ಕೆಲಸ ಅವರ ಹೆಸರಿಗೆ ಬರಿ, ಗಿಡಕ್ಕೆ ನೀರು, ಒಣಗಿದ ಬಟ್ಟೆ ಮಡಚೋದು, ಅವರವರ ತಟ್ಟೆ ತೊಳೆಯೋದು. ಹುಡುಗ ಅಂತ ದೊಡ್ಡೋನಿಗೆ ರಿಯಾಯಿತಿ ಕೊಡ್ಬೇಡ. ಜಗಳ ಆಡಿದಾಗ ಬರೀ ಸಾರಿ ಹೇಳಿಸಿ ಕಳಿಸ್ಬೇಡ, ಬೈಬಲಲ್ಲಿ ಬರೋ ಸುಂಕದವನು ಜಕ್ಕಾಯನ ನೆನಪು ಮಾಡು, ಅವನು ಕ್ಷಮಿಸು ಸ್ವಾಮಿ ಅಂದು ಸುಮ್ನಾಗ್ಲಿಲ್ಲ, ಆಸ್ತಿ ಅರ್ಧ ಬಡವರಿಗೆ, ಮೋಸದಿಂದ ತಗೊಂಡಿದ್ರೆ ನಾಲ್ಕರಷ್ಟು ವಾಪಸ್ ಅಂದ. ತಂಗಿ ಚಿತ್ರ ಹರಿದಿದ್ರೆ ಅವನು ಕೂತು ಅಂಟಿಸಿಕೊಡ್ಲಿ.

ಉಳಿದ ಹೊತ್ತು ಸುಮ್ನೆ ಬಿಟ್ಟುಬಿಡು. ಬೋರ್ ಆಗುತ್ತೆ ಅಂದ ತಕ್ಷಣ ಏನೋ ಒಂದು ಕೈಗೆ ಕೊಡ್ಬೇಕಾಗಿಲ್ಲ, ಸ್ವಲ್ಪ ಹೊತ್ತು ಗೊಣಗಿ ಆಮೇಲೆ ಅವರೇ ಒಂದು ಆಟ ಹುಡುಕ್ಕೋತಾರೆ.

ದೊಡ್ಡೋನು ವಿಬಿಎಸ್‌ಗೆ ಬರಲ್ಲ, ಅದು ಚಿಕ್ಕ ಮಕ್ಕಳದ್ದು ಅಂತಾನೆ ಅಂದ್ಯಲ್ಲ, ಅದಕ್ಕೆ ಕೋಪ ಮಾಡ್ಕೋಬೇಡ. ಹನ್ನೆರಡು ವಯಸ್ಸು, ಯೇಸುಸ್ವಾಮಿ ದೇವಾಲಯದಲ್ಲಿ ಬೋಧಕರ ಮಧ್ಯೆ ಕೂತು ಕೇಳ್ತಾ ಪ್ರಶ್ನೆ ಕೇಳ್ತಾ ಇದ್ದದ್ದೂ ಅದೇ ವಯಸ್ಸಲ್ಲಿ. ಆಮೇಲೆ ತಂದೆತಾಯಿ ಜೊತೆ ನಜರೇತಿಗೆ ಹೋಗಿ ಅವರ ಮಾತು ಕೇಳ್ಕೊಂಡಿದ್ರು ಅಂತಾನೂ ಲೂಕ ತನ್ನ ಸುವಾರ್ತೇಲಿ ಬರೆದಿದಾನೆ. ಇವನಿಗೂ ಪ್ರಶ್ನೆ ಇವೆ, ಚಪ್ಪಾಳೆ ಹಾಡಲ್ಲಿ ಅದಕ್ಕೆ ಉತ್ತರ ಸಿಗಲ್ಲ ಅಷ್ಟೇ. ದೇವರು ಒಳ್ಳೆಯೋನಾದ್ರೆ ತಾತ ಯಾಕೆ ಅಷ್ಟು ನೋವು ತಿಂದು ಹೋದ್ರು ಅಂತ ನನ್ನ ಹತ್ರ ಕೇಳಿದಾನೆ, ನಿನ್ನ ಹತ್ರ ಕೇಳೋಕೆ ಅವನಿಗೆ ಮನಸ್ಸು ಬಂದಿಲ್ಲ, ನೀನು ಅಳ್ತೀಯ ಅಂತ. ಬಾಯಿ ಮುಚ್ಚಿಸದೆ ಕೂತು ಕೇಳು, ಉತ್ತರ ಇಲ್ದೆ ಇದ್ರೆ ಇಲ್ಲ ಅನ್ನು, ಅತ್ರೂ ಪರವಾಗಿಲ್ಲ, ಅವನ ಮುಂದೆ ಅಳು. ಪಾಸ್ಟರ್ ಹತ್ರಾನೂ ಮಾತಾಡಿಸು. ವಿಬಿಎಸ್‌ಗೆ ಅವನನ್ನ ಹೆಲ್ಪರ್ ಆಗಿ ಕರಿ, ಮೈಕು ಸ್ಪೀಕರ್ ನೋಡ್ಕೊಳ್ಳೋದು, ಪುಟಾಣಿಗಳಿಗೆ ಆಟ ಆಡಿಸೋದು, ಅವನು ಚೆನ್ನಾಗಿ ಮಾಡ್ತಾನೆ.

ಟೀಚರ್‌ಗಳ ಮೀಟಿಂಗ್ ಆದ್ಮೇಲೆ ಟೈಮ್‌ಟೇಬಲ್ ಫೋಟೋ ಕಳಿಸು. ರಟ್ಟಿನ ನಾಣ್ಯ, ಹತ್ತಿ, ಬಣ್ಣದ ಪೇಪರ್ ಕತ್ತರಿಸೋದು ಎಲ್ಲ ನಾನು ಇಲ್ಲಿಂದಲೇ ಮಾಡಿ ಕಳಿಸ್ತೀನಿ, ಎಷ್ಟು ಮಕ್ಕಳು ಅಂತ ಹೇಳು, ಹತ್ತು ಜಾಸ್ತಿನೇ ಹೇಳು.

ಪ್ರಾರ್ಥನೆಯಲ್ಲಿ ನಿನ್ನನ್ನ ನೆನೆಯೋ,
ದೊಡ್ಡಮ್ಮ