ಮಕ್ಕಳ ಪುಸ್ತಕದ ಚಿತ್ರಕಾರರಿಗೆ ಸಮಯ, ಹೆಸರು, ಕರಾರು ಬೇಕು

ಮಾನ್ಯರೇ,

ಪತ್ರಿಕೆಗಳ ಪುಸ್ತಕ ಪರಿಚಯದಲ್ಲಿ ಲೇಖಕರು, ಪ್ರಕಾಶಕರು, ಪುಟ, ಬೆಲೆ ಎಲ್ಲವೂ ಅಚ್ಚಾಗುತ್ತವೆ. ಮಕ್ಕಳ ಚಿತ್ರಪುಸ್ತಕವಾದರೂ ಚಿತ್ರ ಬರೆದವರ ಹೆಸರು ಮಾತ್ರ ಬಹಳ ಸಲ ಇರುವುದಿಲ್ಲ. ದಯವಿಟ್ಟು ಆ ಸಾಲಿಗೆ ಅವರ ಹೆಸರನ್ನೂ ಸೇರಿಸಿ. ಓದಲು ಬಾರದ ಮಗು ಕಥೆ ಹಿಡಿಯುವುದು ಚಿತ್ರದಿಂದಲೇ. ಹೆಸರು ಬಿಟ್ಟುಹೋಗುವುದರ ಹಿಂದೆ ಇನ್ನೂ ದೊಡ್ಡ ತೊಂದರೆಯೊಂದಿದೆ. ಕಥೆ, ಡಿಟಿಪಿ, ಬಿಡುಗಡೆಯ ದಿನ ಎಲ್ಲ ಗೊತ್ತುಮಾಡಿಕೊಂಡ ಮೇಲೆ ಚಿತ್ರಕಾರರಿಗೆ ಫೋನ್ ಮಾಡುವ ಪ್ರಕಾಶಕರು ನಮ್ಮಲ್ಲಿ ಅನೇಕರಿದ್ದಾರೆ. ಮಕ್ಕಳ ದಿನಾಚರಣೆಗೆ ಬಿಡುಗಡೆ, ದಸರಾ ಕಳೆದ ಮೇಲೆ ಕರೆ.

ಅಷ್ಟು ದಿನದಲ್ಲಿ ಯಾವ ಕೆಲಸ ಆಗದು ಎಂಬುದನ್ನು ಬಿಡಿಸಿ ಹೇಳಬೇಕು. ಎಂಟು ಎ4 ಹಾಳೆ ಮಡಚಿದರೆ 32 ಪುಟದ ಮಾದರಿ ಪುಸ್ತಕವಾಗುತ್ತದೆ. ಶೀರ್ಷಿಕೆ, ಮುದ್ರಣ ವಿವರದ ಪುಟಗಳನ್ನು ಕಳೆದರೆ ಕಥೆಗೆ ಉಳಿಯುವುದು ಸುಮಾರು 14 ಜೋಡಿಪುಟ, ಅಂದರೆ ಎದುರುಬದುರಾಗಿ ತೆರೆದುಕೊಳ್ಳುವ ಎರಡೆರಡು ಪುಟ. ಯಾವ ಮಾತು ಯಾವ ಪುಟಕ್ಕೆ, ಮಗು ಪುಟ ತಿರುವಿದಾಗ ಏನು ಕಾಣಬೇಕು ಎನ್ನುವುದು ಈ ಮಾದರಿಯಲ್ಲೇ ತೀರ್ಮಾನವಾಗಬೇಕು. ಆಮೇಲೆ ಪೆನ್ಸಿಲ್ ಕರಡು, ಅದಕ್ಕೆ ಒಪ್ಪಿಗೆ, ಕೊನೆಗೆ ಬಣ್ಣ. ಜಲವರ್ಣದಲ್ಲಿ ಒಂದು ಜೋಡಿಪುಟಕ್ಕೆ ಮೂರ್ನಾಲ್ಕು ದಿನ ಬೇಕು. ಕರಡಿನಲ್ಲಿ ಒಂದು ಗಂಟೆಯ ತಿದ್ದುಪಡಿ, ಬಣ್ಣವಾದ ಮೇಲೆ ಇಡೀ ಚಿತ್ರವನ್ನೇ ಮತ್ತೆ ಬರೆಯುವ ಕೆಲಸ. ಸಂಪಾದಕರು ಕಥೆಯಲ್ಲಿ ‘ಸಂಜೆ’ ತೆಗೆದು ‘ಮಧ್ಯಾಹ್ನ’ ಎಂದು ಬರೆದರೆ ಅವರಿಗದು ಒಂದು ಪದ. ಚಿತ್ರದಲ್ಲಿ ಉದ್ದ ನೆರಳುಗಳೆಲ್ಲ ಕಾಲ ಬುಡಕ್ಕೆ ಬರಬೇಕು, ಗೋಡೆಯ ಕೇಸರಿ ಛಾಯೆ ಹೋಗಬೇಕು, ಹಚ್ಚಿದ ದೀಪ ಆರಬೇಕು.

ಕಥೆಯ ಹುಡುಗಿ ಎಲ್ಲ ಪುಟಗಳಲ್ಲೂ ಅದೇ ಹುಡುಗಿಯಾಗಿ ಕಾಣಬೇಕಾದರೆ ಮೊದಲೇ ಅವಳ ಮುಂಭಾಗ, ಪಕ್ಕ, ಬೆನ್ನು ಬರೆದಿಟ್ಟುಕೊಳ್ಳಬೇಕು. ಐದಾರು ವರ್ಷದ ಮಗುವಿನ ಎತ್ತರ ಅದರ ತಲೆಯ ಐದೂವರೆಪಟ್ಟು ಆಸುಪಾಸು. ದೊಡ್ಡವರ ಏಳೂವರೆ ತಲೆಯ ಅಳತೆ ಹಿಡಿದರೆ ಕುಳ್ಳ ದೊಡ್ಡವರು ಲಂಗ ತೊಟ್ಟಂತಾಗುತ್ತದೆ. ಊರಿನ ವಿವರವೂ ಹಾಗೆಯೇ. ಹಳೇ ಮೈಸೂರಿನ ಕಥೆಗೆ ಹಳ್ಳಿಕಾರ್ ಎತ್ತು ಬೇಕು. ಅದರ ಕೊಂಬುಗಳು ನೆತ್ತಿಯ ಮೇಲೆ ಹತ್ತಿರ ಹತ್ತಿರ ಹುಟ್ಟಿ, ಹಿಂದಕ್ಕೆ ನೀಳವಾಗಿ ಹೋಗಿ, ತುದಿಯಲ್ಲಿ ಮುಂದಕ್ಕೆ ಬಾಗುತ್ತವೆ. ಅವಸರದಲ್ಲಿ ಇಂಟರ್ನೆಟ್‌ ನೋಡಿ ಬರೆದ ಕಪ್ಪು-ಬಿಳಿ ಮಚ್ಚೆಯ ಸೀಮೆಹಸು ನೇಗಿಲು ಎಳೆಯುವ ಚಿತ್ರ ಅಚ್ಚಾದರೆ ಹಳ್ಳಿಯ ಮಗುವೇ ಮೊದಲು ತಪ್ಪು ಹಿಡಿಯುತ್ತದೆ.

ಕನ್ನಡ ಅಕ್ಷರಕ್ಕೆ ಜಾಗ ಬೇಕೆಂಬುದನ್ನು ಮರೆಯುವವರೇ ಹೆಚ್ಚು. ‘ರಾಷ್ಟ್ರ’, ‘ಸ್ತ್ರೀ’ ಎಂಬಂಥ ಪದಗಳಲ್ಲಿ ಒತ್ತುಗಳು ಸಾಲಿನ ಕೆಳಗೆ ಇಳಿಯುತ್ತವೆ. 18 ಪಾಯಿಂಟ್ ಅಕ್ಷರಕ್ಕೆ ಸಾಲಿನಿಂದ ಸಾಲಿಗೆ 28 ಪಾಯಿಂಟ್ ಆದರೂ ಇರಲಿ. ಇಂಗ್ಲಿಷ್ ಪಠ್ಯಕ್ಕೆ ಬಿಟ್ಟ ಆಕಾಶದಲ್ಲಿ ಕನ್ನಡ ಕೂರಿಸಲು ಹೋದಾಗ ಮಾತು ಮರದ ಮೇಲೆ, ಕೋಳಿಯ ತಲೆಯ ಮೇಲೆ ಬರುತ್ತದೆ. ಆಮೇಲೆ ಅದರ ಹಿಂದೆ ಬಿಳಿ ಡಬ್ಬ ಇಡುತ್ತಾರೆ. ಆದ್ದರಿಂದ ಅಂತಿಮ ಪಠ್ಯವನ್ನು ಕರಡಿಗೂ ಮೊದಲೇ ಕೊಡಿ. ಪುಟ ಜೋಡಿಸುವ ತಂತ್ರಾಂಶವಾದ ಇನ್‌ಡಿಸೈನ್‌ನಲ್ಲಿ ಭಾರತೀಯ ಲಿಪಿಗಳನ್ನು ಸರಿಯಾಗಿ ಕೂಡಿಸುವ ವರ್ಲ್ಡ್-ರೆಡಿ ಕಂಪೋಸರ್ ಆಯ್ಕೆ ಮಾಡದಿದ್ದರೆ ಒತ್ತುಗಳು ಒಡೆದು ಪಕ್ಕಕ್ಕೆ ಬಂದು ನಿಲ್ಲುತ್ತವೆ. ಕನ್ನಡ ಓದಲು ಬಲ್ಲವರೊಬ್ಬರು ಪ್ರೆಸ್‌ಗೆ ಹೋಗುವ ಪಿಡಿಎಫ್‌ ಅನ್ನೇ ನೋಡಬೇಕು. ಅಚ್ಚಿನಲ್ಲಿ ಒಂದೊಂದು ಬಣ್ಣದ ಮಸಿಗೂ ಒಂದೊಂದು ಪ್ಲೇಟ್ ಇರುತ್ತದೆ. ಅಕ್ಷರವನ್ನು ಬರೀ ಕಪ್ಪು ಮಸಿಯಲ್ಲೇ ಇಟ್ಟರೆ ಇನ್ನೊಂದು ಭಾಷೆಯ ಆವೃತ್ತಿಗೆ ಕಪ್ಪು ಪ್ಲೇಟ್ ಒಂದನ್ನೇ ಬದಲಿಸಿದರೆ ಸಾಕು. ನಾಲ್ಕು ಬಣ್ಣ ಸೇರಿಸಿದ ಕಪ್ಪಾದರೆ ಪ್ಲೇಟ್ ಕೂದಲೆಳೆ ಸರಿದರೂ ಅಕ್ಷರದ ಅಂಚು ಮಸುಕಾಗುತ್ತದೆ.

ಅಚ್ಚಿನ ವಿಷಯಕ್ಕೆ ಬಂದರೆ, ಪರದೆಯ ಮೇಲೆ ಹೊಳೆಯುವ ಗಿಳಿಹಸಿರು, ಗಾಢ ನೇರಳೆ ನಾಲ್ಕು ಬಣ್ಣದ ಮುದ್ರಣದಲ್ಲಿ ಮಂಕಾಗುತ್ತವೆ. ಹೊಳಪಿಲ್ಲದ ಮ್ಯಾಪ್‌ಲಿಥೋ ಕಾಗದ ಮಸಿ ಹೀರಿಕೊಂಡು ನೆರಳಿನ ಭಾಗಗಳನ್ನು ಇನ್ನಷ್ಟು ಕಪ್ಪಾಗಿಸುತ್ತದೆ. ಹಾಗಾಗಿ ಯಾವ ಕಾಗದ ಎಂಬುದು ಬಣ್ಣ ಹಚ್ಚುವ ಮುಂಚೆಯೇ ಗೊತ್ತಿರಬೇಕು. ಅದೇ ಕಾಗದದ ಮೇಲೆ ಒಂದೆರಡು ಪುಟ ಪ್ರೂಫ್ ತೆಗೆದು ತೋರಿಸಬೇಕು. ಕತ್ತರಿಸುವ ಅಂಚಿಗೆ 3 ಮಿ.ಮೀ. ಹೆಚ್ಚುವರಿ ಚಿತ್ರ ಬಿಡುವುದು ಚಿತ್ರಕಾರರಾದ ನಮ್ಮ ಹೊಣೆ. ಪಿನ್ನೋ ಗಮ್ ಬೈಂಡಿಂಗೋ ಎಂದು ತಿಳಿಸುವುದು ಪ್ರಕಾಶಕರ ಹೊಣೆ. ಗಮ್ ಹಾಕಿದರೆ ನಡುಮಡಿಕೆಯ ಮೇಲೆ ಬರೆದ ಮುಖ ಅರ್ಧ ಮುಚ್ಚಿಹೋಗಬಹುದು.

ಇನ್ನು ಕರಾರು. ‘ಎಲ್ಲ ನಮ್ಮವರೇ, ಕಾಗದ ಯಾಕೆ?’ ಎಂಬ ಮಾತಿನಿಂದ ನಷ್ಟವಾಗುವುದು ಚಿತ್ರಕಾರರಿಗೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಹಣ ಕೊಟ್ಟು ಬರೆಸಿದ ವರ್ಣಚಿತ್ರಕ್ಕೆ ಬೇರೆ ಕರಾರು ಇಲ್ಲದಿದ್ದರೆ ಬರೆಸಿದವರೇ ಮೊದಲ ಹಕ್ಕುದಾರರು. ಹಕ್ಕು ವರ್ಗಾವಣೆ ಲಿಖಿತವಾಗಿಯೇ ಇರಬೇಕು, ಅವಧಿ ಹೇಳದಿದ್ದರೆ ಅದು ಐದು ವರ್ಷ ಎನ್ನುತ್ತದೆ 19ನೇ ಸೆಕ್ಷನ್. ಹಕ್ಕು ಮಾರಿದ ಮೇಲೂ ಈ ಚಿತ್ರ ನನ್ನದೆಂದು ಹೇಳಿಕೊಳ್ಳುವ ಅಧಿಕಾರವನ್ನು 57ನೇ ಸೆಕ್ಷನ್ ಉಳಿಸುತ್ತದೆ. ಮಕ್ಕಳ ಪುಸ್ತಕಗಳ ಪ್ರಕಾಶನ ಸಂಸ್ಥೆ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಮಕ್ಕಳ ಕಥೆಗಳ ಜಾಲತಾಣ ಸ್ಟೋರಿವೀವರ್‌ನಲ್ಲಿ ಚಿತ್ರಗಳನ್ನು ಯಾರು ಬೇಕಾದರೂ ಮತ್ತೆ ಬಳಸಬಹುದು, ಆದರೆ ಅಲ್ಲೂ ಚಿತ್ರಕಾರರ ಹೆಸರು ಹಾಕುವುದು ಷರತ್ತು.

ಎರಡು ಪುಟದ ಕರಾರು ಸಾಕು. ಚಿತ್ರಗಳ ಸಂಖ್ಯೆ, ಅಳತೆ, ಕರಡಿಗೆ ಎರಡು ಸುತ್ತಿನ ತಿದ್ದುಪಡಿ, ಅದಕ್ಕಿಂತ ಹೆಚ್ಚಾದರೆ ಬೇರೆ ಸಂಭಾವನೆ. ಸಹಿ ಮಾಡಿದಾಗ ಮೂರನೇ ಒಂದು ಭಾಗ ಹಣ, ಕರಡು ಒಪ್ಪಿದಾಗ ಇನ್ನೊಂದು, ಅಂತಿಮ ಫೈಲ್ ಕೊಟ್ಟಾಗ ಉಳಿದದ್ದು. ಮರುಮುದ್ರಣ, ಅನುವಾದ, ಇ-ಪುಸ್ತಕಗಳಿಗೆ ಎಷ್ಟೆಂಬ ಸಾಲು. ಮುಖಪುಟದಲ್ಲಿ ಹೆಸರು. ಪುಸ್ತಕವೇ ನಿಂತುಹೋದರೆ ಅಲ್ಲಿಯವರೆಗಿನ ಕೆಲಸಕ್ಕೆ ಹಣ. ಕಾಗದದ ಮೇಲೆ ಬರೆದ ಮೂಲ ಚಿತ್ರಗಳು ಸ್ಕ್ಯಾನ್ ಆದ ತಿಂಗಳೊಳಗೆ ಬರೆದವರ ಕೈಗೆ ವಾಪಸು.

– ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವ ಕೆಲವರು, ಬೆಂಗಳೂರು ಮತ್ತು ಧಾರವಾಡ